ತಲುಪಿದೆವು. ಅಕ್ಕನಿಗೆ ಥ್ಯಾಂಕ್ಸ್ ಹೇಳಬೇಕು

ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ಸಾಗರ ದಾಟಿ ಲಂಗರು ಹಾಕಿ ಇವತ್ತಿಗೆ ನಾಲ್ಕು ದಿನ. ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. ನಮಗೆ 23 ದಿನ ಹಿಡಿಯಿತು. ನೆಲದ ಮೇಲೆ ನಿಂತರೆ ಈಗಲೂ ಕಾಲ ಕೆಳಗೆ ಅಲೆ ಇದ್ದ ಹಾಗೇ ಅನ್ನಿಸುತ್ತದೆ. ಆಟೊಪೈಲಟ್ (ತಾನಾಗಿಯೇ ಚುಕ್ಕಾಣಿ ನಡೆಸುವ ಯಂತ್ರ) ಹೇಗೆ ಕೆಟ್ಟಿತು, ರಿಪೇರಿಗೆ ಏನೇನು ಮಾಡಿ ನೋಡಿದೆವು ಅನ್ನುವುದೆಲ್ಲ ನಿಮಗೆ ಆಗಲೇ ಗೊತ್ತು, ದಾರಿಯಿಂದಲೇ ಮೆಸೇಜ್ ಹಾಕಿದ್ದೆವಲ್ವಾ. ಅದನ್ನು ಮತ್ತೆ ಬರೆಯುವುದಿಲ್ಲ.

ದೋಣಿಯನ್ನು ತನ್ನ ಮನೆಯ ಹಾಗೆ ನೋಡಿಕೊಂಡ ಸ್ಕಿಪ್ಪರ್ ಅಣ್ಣನಿಗೆ, ಅಲೆ ಹೇಗೇ ಇದ್ದರೂ ದಿನಕ್ಕೊಂದು ಬಿಸಿ ಊಟ ತಪ್ಪಿಸದ ಗೆಳೆಯನಿಗೆ, ದಿನಾ ಹವಾಮಾನ ನೋಡಿ ಸ್ಯಾಟಲೈಟ್ ಫೋನಿಗೆ ಎರಡು ಸಾಲು ಕಳಿಸಿದ ನಿಮಗೆಲ್ಲ ತುಂಬಾ ಥ್ಯಾಂಕ್ಸ್. ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ಸಾಗರದ ನಡುವೆ ದಿನ ಹೇಗೆ ಕಳೆಯುತ್ತದೆ ಅಂತ ತುಂಬಾ ಜನ ಕೇಳಿದ್ದೀರಿ. ಅಲ್ಲಿ ದಿನ ಅನ್ನುವುದೇ ಇರುವುದಿಲ್ಲ, ಪಾಳಿ ಇರುತ್ತದೆ. ನಾವು ನಾಲ್ಕು ಜನ. ಆಟೊಪೈಲಟ್ ಇದ್ದಾಗ ಮೂರು ಗಂಟೆ ಕಾವಲು, ಆಮೇಲೆ ಒಂಬತ್ತು ಗಂಟೆ ಬಿಡುವು. ಬೆಳಗ್ಗೆ ಎದ್ದ ತಕ್ಷಣ ಡೆಕ್ ಸುತ್ತಿ ಯಾವ ಹಗ್ಗ ಎಲ್ಲಿ ಉಜ್ಜಿ ಸವೆಯುತ್ತಿದೆ ಅಂತ ನೋಡಬೇಕು, ರಾತ್ರಿ ಹಾರಿ ಬಂದು ಬಿದ್ದು ಸತ್ತ ಮೀನುಗಳನ್ನು ಎತ್ತಿ ಹಾಕಬೇಕು. ಪಾತ್ರೆ ತೊಳೆಯುವುದು, ಸ್ನಾನ ಎಲ್ಲ ಸಮುದ್ರದ ನೀರಿನಲ್ಲೇ, ಸಿಹಿನೀರು ಕುಡಿಯಲು ಮತ್ತು ಅಡುಗೆಗೆ ಮಾತ್ರ. ಒಲೆ ದೋಣಿ ವಾಲಿದ ಹಾಗೆಲ್ಲ ತಾನೂ ತೂಗುತ್ತದೆ, ಆದರೂ ಪಾತ್ರೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇರಬೇಕು. ಪಶ್ಚಿಮಕ್ಕೆ ಹೋಗುತ್ತಾ ಹೋಗುತ್ತಾ ಗಡಿಯಾರವನ್ನು ಒಂದೊಂದೇ ಗಂಟೆ ಹಿಂದಕ್ಕೆ ತಿರುಗಿಸಿದೆವು, ಒಟ್ಟು ನಾಲ್ಕು ಸಲ. ಈ ಬದುಕು ನನಗೆ ತುಂಬಾ ಇಷ್ಟವಾಯಿತು. ಸುಮ್ನೆ ಹೇಳುತ್ತಿಲ್ಲ.

ಆಟೊಪೈಲಟ್ ಹೋದ ಮೇಲೆ ಲೆಕ್ಕವೇ ಬದಲಾಯಿತು. ಹಗಲು ರಾತ್ರಿ ಯಾರಾದರೂ ಒಬ್ಬರು ಚುಕ್ಕಾಣಿ ಹಿಡಿದೇ ಇರಬೇಕು. ಎರಡು ಗಂಟೆ ಹಿಡಿದರೆ ತೋಳು ಮರಗಟ್ಟುತ್ತಿತ್ತು.

ಹನ್ನೆರಡನೆಯ ರಾತ್ರಿ ಒಂದು ಗಂಟೆಗೆ ನನ್ನ ಸರದಿ ಬಂತು. ನನಗಿಂತ ಮುಂಚೆ ಅಕ್ಕನ ಸರದಿ. (ಒಡಹುಟ್ಟಿದ ಅಕ್ಕ ಅಲ್ಲ, ಆದರೆ ಮೊದಲ ವಾರದಿಂದಲೇ ಹಾಗೆ ಕರೆಯುವುದು ರೂಢಿಯಾಗಿತ್ತು.) ಅವರು ಕೆಳಗೆ ಹೋಗಿ ಮಲಗಬೇಕಿತ್ತು. ಹಿಂದೆ ಕಪ್ಪು ಮೋಡ ಏಳುತ್ತಿದ್ದುದನ್ನು ನೋಡಿದರು, ಹೋಗಲಿಲ್ಲ. ಅಣ್ಣ ಬಂದು ಹಾಯಿ ಇನ್ನಷ್ಟು ಕಿರಿದು ಮಾಡಿಕೊಟ್ಟರು. ಅಷ್ಟರಲ್ಲಿ ಮಳೆ, ಗಾಳಿ ಎರಡೂ ಒಟ್ಟಿಗೇ ಬಂದವು. 20 ನಾಟ್ (ಗಂಟೆಗೆ ಸುಮಾರು 37 ಕಿಲೋಮೀಟರ್) ಇದ್ದ ಗಾಳಿ 35ಕ್ಕೆ (ಸುಮಾರು 65 ಕಿಲೋಮೀಟರ್) ಏರಿತು. ನಕ್ಷತ್ರ ಇಲ್ಲ, ದಿಗಂತ ಇಲ್ಲ, ಕಂಪಾಸಿನ ಕೆಂಪು ದೀಪ ಮಾತ್ರ. ನಾನು ಆ ಮುಳ್ಳನ್ನೇ ದಿಟ್ಟಿಸುತ್ತಿದ್ದೆ. ಮುಳ್ಳು ಹೇಳುವ ಹೊತ್ತಿಗೆ ದೋಣಿ ಆಗಲೇ ತಿರುಗಿರುತ್ತಿತ್ತು. ಒಂದು ಸಲ ಜಾಸ್ತಿಯೇ ತಿರುಗಿತು. ಗಾಳಿ ಹಾಯಿಯ ಇನ್ನೊಂದು ಮಗ್ಗುಲಿಗೆ ಹೊಕ್ಕು ಬೂಮ್ (ಹಾಯಿಯ ಕೆಳಗಿನ ಅಡ್ಡಕಂಬ) ಈ ಕಡೆ ಬೀಸಲು ಹೊರಟಿತು. ಅದನ್ನು ಮುಂದಕ್ಕೆ ಎಳೆದು ಕಟ್ಟಿದ್ದ ಹಗ್ಗ ಬಿಗಿದು ಕಿರ್ ಅಂದ ಸದ್ದು ಈಗಲೂ ಕಿವಿಯಲ್ಲಿದೆ. ಹಗ್ಗ ತಡೆಯಿತು. ನಾನು ತಡೆದುಕೊಳ್ಳಲಿಲ್ಲ. ಅತ್ತುಬಿಟ್ಟೆ. ಚುಕ್ಕಾಣಿ ನೀವೇ ಹಿಡಿಯಿರಿ ಅಂತ ಕೂಗಿದೆ.

ಅಕ್ಕ ಹಿಡಿಯಲಿಲ್ಲ. ಹಿಂದೆ ಬಂದು ನಿಂತು ಒಂದು ಕೈಯಿಂದ ನನ್ನ ಹಾರ್ನೆಸ್ (ಮೈಗೆ ಕಟ್ಟಿದ ಸುರಕ್ಷಾ ಪಟ್ಟಿ) ಹಿಡಿದುಕೊಂಡರು. ಇನ್ನೊಂದು ಕೈಯಿಂದ ನನ್ನ ಟೋಪಿ ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು. "ಕಂಪಾಸ್ ನೋಡಬೇಡ. ಗಾಳಿ ಬಲಗಿವಿಯ ಹಿಂದೆ ಬಡಿಯುತ್ತಿದೆ ಅಲ್ವಾ? ಅಲ್ಲೇ ಇರಲಿ. ಎಡಗಿವಿಗೆ ಬಂತು ಅಂದರೆ ಬಲಕ್ಕೆ ತಿರುಗಿಸು. ಅಷ್ಟೇ ಕೆಲಸ." ಮಳೆಯ ಸದ್ದಿನಲ್ಲಿ ಅದನ್ನೇ ಎಷ್ಟು ಸಲ ಹೇಳಿದರೋ ಗೊತ್ತಿಲ್ಲ. ಬಲಕ್ಕೆ. ಇನ್ನೂ ಸ್ವಲ್ಪ. ಸಾಕು, ಅಲ್ಲೇ ಹಿಡಿ.

ಅರ್ಧ ಗಂಟೆಗೆ ಆ ಮೋಡ ದಾಟಿತು, ಇನ್ನೊಂದು ಬಂತು, ಆಮೇಲೆ ಮತ್ತೊಂದು. ನನ್ನ ಸರದಿ ಮುಗಿದಾಗ ಮೂರು ಗಂಟೆ. ಮುಂದಿನವರು ಚುಕ್ಕಾಣಿಗೆ ಬಂದರು. ನನಗೆ ಕೆಳಗೆ ಹೋಗಲು ಭಯ, ಕತ್ತಲ ಕ್ಯಾಬಿನ್‌ನಲ್ಲಿ ಒಬ್ಬರೇ ಮಲಗಲು ಆಗುತ್ತಿರಲಿಲ್ಲ. ಅದನ್ನು ಹೇಳಲೂ ಇಲ್ಲ. ಅಕ್ಕ ಕಾಕ್‌ಪಿಟ್‌ನ (ಚುಕ್ಕಾಣಿ ಇರುವ ತೆರೆದ ಜಾಗದ) ಮೂಲೆಯಲ್ಲೇ ಕುಳಿತರು, ಪಕ್ಕದಲ್ಲಿ ಜಾಗ ಬಿಟ್ಟು. ಬೆಳಗಿನ ತನಕ ನಾವು ಮಾತಾಡಿದ್ದು ತುಂಬಾ ಕಡಿಮೆ. ಥರ್ಮಾಸ್‌ನ ಮುಚ್ಚಳದಲ್ಲಿ ಬಿಸಿನೀರು ಅವರ ಕೈಯಿಂದ ನನ್ನ ಕೈಗೆ, ನನ್ನ ಕೈಯಿಂದ ಅವರ ಕೈಗೆ. ಒಂದು ಕಡೆ ಮೋಡ ಹರಿದು ಪಶ್ಚಿಮಕ್ಕೆ ಇಳಿಯುತ್ತಿದ್ದ ಲುಬ್ಧಕ ನಕ್ಷತ್ರ ಕಂಡಿತು. ನೋಡು ಅಂತ ಗಲ್ಲ ಎತ್ತಿ ತೋರಿಸಿದರು.

ಅವತ್ತು ಅವರು ಚುಕ್ಕಾಣಿ ಕಸಿದುಕೊಂಡಿದ್ದರೆ ದೋಣಿಗೆ ಏನೂ ಆಗುತ್ತಿರಲಿಲ್ಲ, ಬಹುಶಃ ಇನ್ನೂ ಚೆನ್ನಾಗಿಯೇ ಸಾಗುತ್ತಿತ್ತು. ಆದರೆ ಉಳಿದ ಹನ್ನೊಂದು ರಾತ್ರಿ ನಾನು ಚುಕ್ಕಾಣಿ ಮುಟ್ಟುತ್ತಿರಲಿಲ್ಲ. ನಾನು ಹೊರಡುವ ಮುಂಚೆ ಯಾವ ಸ್ಥಿತಿಯಲ್ಲಿದ್ದೆ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ನನ್ನ ಕೈಯಿಂದ ಕೆಲಸ ಕಿತ್ತುಕೊಳ್ಳದೆ ನನ್ನ ಹಿಂದೆ ಒಬ್ಬರು ನಿಂತು ತುಂಬಾ ದಿನ ಆಗಿತ್ತು.

ಮರುದಿನದಿಂದ ನಾನು ಟೋಪಿ ಇಲ್ಲದೆಯೇ ಪಾಳಿಗೆ ಹೋದೆ. ಕೊನೆಯ ರಾತ್ರಿ ದ್ವೀಪದ ದೀಪಗಳು ಮೊದಲು ಕಂಡಾಗ ಚುಕ್ಕಾಣಿ ನನ್ನ ಕೈಯಲ್ಲಿತ್ತು. ಅಕ್ಕ ಕೆಳಗೆ ಗಾಢ ನಿದ್ದೆಯಲ್ಲಿದ್ದರು, ನಾನು ಎಬ್ಬಿಸಲಿಲ್ಲ.

ಅಕ್ಕ, ಟೋಪಿ ಇನ್ನೂ ನಿಮ್ಮ ಜಾಕೆಟ್‌ನ ಎಡ ಜೇಬಿನಲ್ಲೇ ಇದೆ. ನೀವೇ ಇಟ್ಟುಕೊಳ್ಳಿ.