ನಮ್ಮ ಭಾಗದ ಮಾತು ಹಾಸ್ಯದ ಸರಕಾಗದಿರಲಿ

ಮಾನ್ಯ ಸಂಪಾದಕರೇ,

2023ರ ಡಿಸೆಂಬರ್ 5ರಂದು, 101ನೆಯ ವಯಸ್ಸಿನಲ್ಲಿ ತೀರಿಕೊಂಡ ಅಮೆರಿಕದ ಟಿ.ವಿ. ಹಾಸ್ಯ ಬರಹಗಾರ ಮತ್ತು ನಿರ್ಮಾಪಕ ನಾರ್ಮನ್ ಲಿಯರ್ ಅವರ ವೃತ್ತಿಜೀವನವನ್ನು ನಮ್ಮ ಕನ್ನಡ ವಾಹಿನಿಗಳವರು ಗಮನವಿಟ್ಟು ನೋಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

1971ರ ಜನವರಿಯಲ್ಲಿ ಆರಂಭವಾದ ಅವರ ‘ಆಲ್ ಇನ್ ದಿ ಫ್ಯಾಮಿಲಿ’ಗೆ ಬ್ರಿಟನ್ನಿನ ಧಾರಾವಾಹಿಯೊಂದು ಆಧಾರವಾಗಿದ್ದರೂ, ಅದರ ಆರ್ಚಿ ಬಂಕರ್ ಪಾತ್ರಕ್ಕೆ ಲಿಯರ್ ತಮ್ಮ ತಂದೆಯ ಸಿಡುಕನ್ನೂ ಪೂರ್ವಗ್ರಹಗಳನ್ನೂ ತುಂಬಿದ್ದರು, ತಾಯಿಯ ಬಾಯಿ ಮುಚ್ಚಿಸಲು ತಂದೆ ಆಡುತ್ತಿದ್ದ ಮಾತನ್ನೇ ಆರ್ಚಿಯೂ ಆಡುತ್ತಾನೆ. ನ್ಯೂಯಾರ್ಕಿನ ದುಡಿಯುವ ವರ್ಗದ ಆ ಮನುಷ್ಯನ ತಪ್ಪುತಪ್ಪು ಮಾತಿಗೂ ಜನ ನಕ್ಕರು, ನಿಜ. ಆದರೆ ಧಾರಾವಾಹಿಯ ಜೀವವಿದ್ದದ್ದು ವರ್ಣಭೇದ, ವಿಯೆಟ್ನಾಂ ಯುದ್ಧಗಳ ಕುರಿತು ಅವನಿಗೂ ಅಳಿಯನಿಗೂ ನಡೆಯುತ್ತಿದ್ದ ಜಗಳದಲ್ಲಿ. ಸತತ 5 ವರ್ಷ ಅದು ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು.

ನಮ್ಮ ವಾಹಿನಿಗಳ ಹಾಸ್ಯದಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳದ ಮಾತು ಬಂದರೆ ಅದು ಬಹುಪಾಲು ಮನೆಯಾಳಿನ ಬಾಯಲ್ಲೋ ಹಳ್ಳಿಯಿಂದ ಬಂದ ನೆಂಟನ ಬಾಯಲ್ಲೋ ಬರುತ್ತದೆ, ಮತ್ತು ಆ ಉಚ್ಚಾರವೇ ನಗೆಗೆ ಸಾಕೆಂದು ಬರೆದವರು ಭಾವಿಸಿದಂತಿರುತ್ತದೆ. ಇದು ನನಗೆ ನೋವಿನ ಸಂಗತಿ. ಬಯಲಾಟದ ಬಗೆಯಾದ ದೊಡ್ಡಾಟದಲ್ಲಿ ಪಾತ್ರಗಳನ್ನು ಮಾತಾಡಿಸುವ ಸಾರಥಿಯು ರಾಜನನ್ನೇ ತಡೆದು ಪ್ರಶ್ನಿಸುವುದನ್ನೂ, ತೊಗಲುಗೊಂಬೆಯಾಟದಲ್ಲಿ ರಾಮಾಯಣದ ನಡುವೆ ಹಾಸ್ಯದ ಜೋಡಿ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಬಂದು ಜಗಳವಾಡುವುದನ್ನೂ ಕಂಡು ಬೆಳೆದವರು ನಾವು. ಅಲ್ಲಿ ಆಡುವವರದೂ ನೋಡುವವರದೂ ಒಂದೇ ಮಾತಾದ್ದರಿಂದ, ನಗಿಸಬೇಕಾದರೆ ಸಂಗತಿಯೇ ಬೇಕಾಗುತ್ತಿತ್ತು.

ಲಿಯರ್ ನಿರ್ಮಾಣದ, 1974ರಲ್ಲಿ ಆರಂಭವಾದ ‘ಗುಡ್ ಟೈಮ್ಸ್’ ಷಿಕಾಗೊದ ಬಡ ಕಪ್ಪು ಕುಟುಂಬವೊಂದರ ಕಥೆ. ಅದನ್ನು ರೂಪಿಸಿದ ಎರಿಕ್ ಮಾಂಟೆ, ಮೈಕ್ ಇವಾನ್ಸ್ ಇಬ್ಬರೂ ಕಪ್ಪು ಜನಾಂಗದವರೇ. ಆದರೂ ಕ್ರಮೇಣ ಹಿರಿಯ ಮಗನ ಕೋಡಂಗಿತನವೇ ಮುಂದಾದಾಗ, ತಾಯಿಯ ಪಾತ್ರ ವಹಿಸಿದ್ದ ಎಸ್ತರ್ ರೋಲ್ ಅದನ್ನು ಬಹಿರಂಗವಾಗಿ ಆಕ್ಷೇಪಿಸಿ ಸ್ವಲ್ಪ ಕಾಲ ಧಾರಾವಾಹಿಯಿಂದಲೇ ಹೊರನಡೆದರು. ಅಷ್ಟು ದೊಡ್ಡ ನಿರ್ಮಾಪಕನ ಕೈಯಲ್ಲೂ ಹೀಗಾಗುವುದಾದರೆ, ನಮ್ಮವರು ಇನ್ನೂ ಎಚ್ಚರದಿಂದಿರಬೇಕು.

ನಮ್ಮ ಮೂರೂ ಜಿಲ್ಲೆಗಳ ನಾಟಕ ತಂಡಗಳಲ್ಲಿ ಸೊಗಸಾಗಿ ಸಂಭಾಷಣೆ ಬರೆಯುವವರಿದ್ದಾರೆ. ವಾಹಿನಿಗಳು ಅವರನ್ನು ಸಣ್ಣಪುಟ್ಟ ಪಾತ್ರಗಳಿಗೆ ಕರೆಯುವ ಬದಲು ಬರೆಯಲು ಕರೆಯಲಿ, ಓದಲು ಆಗುವಷ್ಟು ಹೊತ್ತು ಅವರ ಹೆಸರನ್ನು ತೆರೆಯ ಮೇಲೆ ತೋರಿಸಲಿ ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗ,
ಸಿರುಗುಪ್ಪ, ಬಳ್ಳಾರಿ ಜಿಲ್ಲೆ