ಸಚಿವರೇ, ಲ್ಯಾಬಿಗೆ ಹೊರಗಿನ ಪರೀಕ್ಷಕರನ್ನು ಮತ್ತೆ ಕಳಿಸಿ

ಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು ಹಾಗೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಸಮಕುಲಾಧಿಪತಿಗಳು,
ಬೆಂಗಳೂರು

ಮಾನ್ಯರೇ,

ನಿಯಮ ತಮಗೆ ಗೊತ್ತಿರುವುದೇ. ವಿಟಿಯು 2022ರ ಸ್ಕೀಮಿನಲ್ಲಿ ಐಪಿಸಿಸಿ (ಇಂಟಿಗ್ರೇಟೆಡ್ ಪ್ರೊಫೆಷನಲ್ ಕೋರ್ ಕೋರ್ಸ್) ಎಂದು ಕರೆದ ವಿಷಯಗಳಲ್ಲಿ ಥಿಯರಿಯನ್ನೂ ಲ್ಯಾಬನ್ನೂ ಒಂದೇ ಗಂಟು ಕಟ್ಟಲಾಗಿದೆ. ಲ್ಯಾಬಿಗೆ 25 ಅಂಕ. ಪ್ರಯೋಗ ಮತ್ತು ರೆಕಾರ್ಡಿಗೆ 15, ಕೊನೆಯ ಟೆಸ್ಟಿಗೆ 10. ಅಷ್ಟನ್ನೂ ಕೊಡುವವರು ಕಾಲೇಜಿನವರೇ. ಹೊರಗಿನ ಪರೀಕ್ಷಕರು ಬಂದು ನಡೆಸುವ ಪ್ರಾಯೋಗಿಕ ಪರೀಕ್ಷೆ ಈ ವಿಷಯಗಳಿಗೆ ಇಲ್ಲ. ಅದರ ಬದಲು ಥಿಯರಿ ಪ್ರಶ್ನೆಪತ್ರಿಕೆಯಲ್ಲೇ ಲ್ಯಾಬಿನ ನಾಲ್ಕೈದು ಉಪಪ್ರಶ್ನೆ, ಹೆಚ್ಚೆಂದರೆ 20 ಅಂಕಕ್ಕೆ. ಸಾರಿನ ರುಚಿಯನ್ನು ಕಾಗದದ ಮೇಲೆ ಬರೆದು ತೋರಿಸಿ ಅಂದ ಹಾಗಾಯಿತು.

ಸಿವಿಲ್‌ನವರ ಲ್ಯಾಬನ್ನೇ ತೆಗೆದುಕೊಳ್ಳಿ. ಅದರಲ್ಲಿ ಕಬ್ಬಿಣದ ಸರಳನ್ನು ಎಳೆದು ಮುರಿಯುವ ಒಂದೇ ಪ್ರಯೋಗ ನೋಡಿ. 12 ಮಿ.ಮೀ. ಸರಳು, ವಿಸ್ತೀರ್ಣ 113.1 ಚದರ ಮಿ.ಮೀ. ವ್ಯಾಸದ ಐದರಷ್ಟು, ಅಂದರೆ 60 ಮಿ.ಮೀ. ಅಂತರದಲ್ಲಿ ಎರಡು ಪಂಚ್ ಗುರುತು ಹಾಕಬೇಕು. ಸರಳನ್ನು ಎಳೆಯುವ ಯಂತ್ರ ಯುಟಿಎಂನ ದವಡೆಯ ಹಲ್ಲು ಸವೆದಿದ್ದರೆ ಸರಳು ಜಾರುತ್ತದೆ, ಮುಳ್ಳು ಹಿಂದೆ ಬಿದ್ದು ಮತ್ತೆ ಏರುತ್ತದೆ. ಆ ಹಿನ್ನಡೆಯನ್ನೇ ಹುಡುಗರು ಯೀಲ್ಡ್ ಪಾಯಿಂಟ್ (ಸರಳು ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗತೊಡಗುವ ಹಂತ) ಅಂದುಕೊಳ್ಳುತ್ತಾರೆ. 20 ಕಿಲೋನ್ಯೂಟನ್ ಎಳೆತಕ್ಕೆ ಆ 60 ಮಿ.ಮೀ. ಹಿಗ್ಗುವುದು 0.05 ಮಿ.ಮೀ. ಅಷ್ಟೇ. ಎಕ್ಸ್‌ಟೆನ್ಸೋಮೀಟರ್ (ಇಷ್ಟು ಸಣ್ಣ ಹಿಗ್ಗನ್ನು ಅಳೆಯುವ ಸಾಧನ) ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದರೆ ಯಂತ್ರದ ಅಳತೆಪಟ್ಟಿಯೇ ಗತಿ. ದವಡೆಯಲ್ಲಿ ಒಂದೇ ಒಂದು ಮಿ.ಮೀ. ಜಾರಿದರೂ ಎರಡು ಲಕ್ಷದ ಹತ್ತಿರ ಬರಬೇಕಾದ ಯಂಗ್ಸ್ ಮಾಡ್ಯುಲಸ್ (ಲೋಹದ ಬಿಗುವಿನ ಅಳತೆ, ಚದರ ಮಿ.ಮೀ.ಗೆ ನ್ಯೂಟನ್‌ ಲೆಕ್ಕದಲ್ಲಿ) ಹತ್ತು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಯಾಕೆ ಇಳಿಯಿತು ಎಂದು ಹುಡುಕುವುದೇ ನಿಜವಾದ ಪಾಠ. ಈಗ ಹುಡುಕುವ ಗೋಜಿಲ್ಲ, ಪುಸ್ತಕ ನೋಡಿ ಎರಡು ಲಕ್ಷ ಅಂತ ಬರೆದರೆ ಮುಗಿಯಿತು.

ಹೆಸರು ಬೇಡ, ಒಂದು ಕಾಲೇಜಿನ ರೆಕಾರ್ಡುಗಳ ಕಟ್ಟು. ಮೊದಲು ಬರೆದ ಪುಣ್ಯಾತ್ಮ 113.1 ಎನ್ನುವಲ್ಲಿ ಕೈತಪ್ಪಿ 131.1 ಎಂದು ಬರೆದಿದ್ದಾನೆ. ಕಟ್ಟಿನಲ್ಲಿರುವ ಅಷ್ಟೂ ಪುಸ್ತಕಗಳಲ್ಲಿ 131.1! ಲೋಡೂ ಒಂದೇ, ಮುರಿದ ಮೇಲಿನ ಉದ್ದವೂ ಒಂದೇ, 75 ಮಿ.ಮೀ. ಪ್ರತಿ ಪುಟದ ಕೆಳಗೆ ಕೆಂಪು ಶಾಯಿಯ ರೈಟ್ ಮಾರ್ಕು, ಸಹಿ, ತಾರೀಕು. ಯಂತ್ರದ ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಧೂಳು. 15ಕ್ಕೆ 14, 15ಕ್ಕೆ 15.

ಅಂಕಿ ತಿರುಗುಮುರುಗಾದರೆ ಏನು ಮಹಾ ಅನ್ನಬಹುದು. ಎಫ್‌ಇ 500 ಟಿಎಂಟಿ ಸರಳು (ಯೀಲ್ಡ್ ಆಗುವ ಮುನ್ನ ಚದರ ಮಿ.ಮೀ.ಗೆ ಕನಿಷ್ಠ 500 ನ್ಯೂಟನ್ ತಡೆಯಬೇಕಾದದ್ದು) 58 ಕಿಲೋನ್ಯೂಟನ್‌ಗೆ ಯೀಲ್ಡ್ ಆಯಿತೆನ್ನಿ. 113.1ರಿಂದ ಭಾಗಿಸಿದರೆ 513, ಪಾಸು. 131.1ರಿಂದ ಭಾಗಿಸಿದರೆ 442, ಇಡೀ ಲಾರಿ ಲೋಡು ವಾಪಸ್ಸು. ಇದೇ ತಪ್ಪು ಇನ್ನೊಂದು ದಿಕ್ಕಿಗೆ ಆದರೆ ಕೆಟ್ಟ ಸರಳು ಕಾಲಮ್ಮಿನೊಳಗೆ ಸೇರಿ ಕಾಂಕ್ರೀಟಿನಡಿ ಮುಚ್ಚಿಹೋಗುತ್ತದೆ. ಟಿಎಂಟಿಗೆ ಏಣುಗಳಿರುವುದರಿಂದ ವ್ಯಾಸ ಅಳೆಯಲು ವರ್ನಿಯರ್ ಹಿಡಿಯಬಾರದು. ತುಂಡನ್ನು ತೂಗಿ, ಮಿ.ಮೀ. ಉದ್ದವನ್ನು 0.00785ರಿಂದ ಗುಣಿಸಿ, ಬಂದದ್ದರಿಂದ ಗ್ರಾಂ ಲೆಕ್ಕದ ತೂಕವನ್ನು ಭಾಗಿಸಿ ವಿಸ್ತೀರ್ಣ ತೆಗೆಯಬೇಕು. ಕೈಯಲ್ಲಿ ಒಂದು ತುಂಡನ್ನೂ ತೂಗದೆ ಡಿಗ್ರಿ ಪಡೆದವನು ನಾಳೆ ಸೈಟಿನಲ್ಲಿ ಯಾವ ಧೈರ್ಯದಲ್ಲಿ ಟೆಸ್ಟ್ ರಿಪೋರ್ಟಿಗೆ ಸಹಿ ಹಾಕುತ್ತಾನೆ ಸ್ವಾಮಿ?

ಹಿಂದಿನ ಪದ್ಧತಿ ಅಪ್ಪಟ ಚಿನ್ನವೇನಲ್ಲ. ಬಂದ ಪರೀಕ್ಷಕರಿಗೆ ಗೋಡಂಬಿ ತಟ್ಟೆ, ಹೋಳಿಗೆ ಊಟ, ಹೋಗುವಾಗ 'ನಮ್ಮ ಹುಡುಗರನ್ನ ಸ್ವಲ್ಪ ನೋಡ್ಕೊಳ್ಳಿ ಸಾರ್' ಎಲ್ಲ ಇತ್ತು. ಆದರೂ ನೆಂಟರು ಬರುತ್ತಾರೆಂದರೆ ಮನೆ ಗುಡಿಸುತ್ತೇವಲ್ಲ, ಹಾಗೆ ಪರೀಕ್ಷೆಯ ಹಿಂದಿನ ವಾರ ಯಂತ್ರದ ಆಯಿಲ್ ಬದಲಾಗುತ್ತಿತ್ತು, ದವಡೆ ಹೊಸದು ಬರುತ್ತಿತ್ತು. ಹುಡುಗ ಚೀಟಿ ಎತ್ತಿ, ಬಂದ ಪ್ರಯೋಗವನ್ನು ಕೈಯಾರೆ ಮಾಡಬೇಕಿತ್ತು. ಗೊತ್ತಿಲ್ಲದಿದ್ದರೆ ಒಂದೇ ಸಲ ಬದಲಾವಣೆ, ಅದಕ್ಕೂ ಅಂಕ ಕಟ್. ಈಗ ಬರುವ ನೆಂಟರೇ ಇಲ್ಲ. ಯುಟಿಎಂಗೆ ವರ್ಷಕ್ಕೊಮ್ಮೆ ಕ್ಯಾಲಿಬ್ರೇಶನ್ ಮಾಡಿಸಿ ಎಂದು ಬರೆದ ಫೈಲಿಗೆ 'ಮುಂದಿನ ಬಜೆಟ್‌ನಲ್ಲಿ ನೋಡೋಣ' ಎಂಬ ಷರಾ.

ವರ್ಚುವಲ್ ಲ್ಯಾಬ್ ಇದೆಯಲ್ಲ ಎಂಬ ಉತ್ತರ ದಯವಿಟ್ಟು ಬೇಡ. ಪರದೆಯ ಮೇಲಿನ ಸರಳು ಯಾವತ್ತೂ ಜಾರುವುದಿಲ್ಲ.

ಕೇಳುತ್ತಿರುವುದು ಒಂದೇ: ಐಪಿಸಿಸಿ ಲ್ಯಾಬುಗಳಿಗೆ ಹೊರಗಿನ ಪರೀಕ್ಷಕರಿರುವ ಪರೀಕ್ಷೆಯನ್ನು ಮರಳಿಸಿ. ಆ ವ್ಯವಸ್ಥೆ ಹಿಂದೆ ಇದ್ದದ್ದೇ, ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಖರ್ಚಿನ ಮಾತು ಬಂದರೆ 25 ಅಂಕದಲ್ಲಿ ಆ ಕೊನೆಯ 10ನ್ನಾದರೂ ಹೊರಗಿನವರ ಕೈಗೆ ಕೊಡಿ. ಅದೂ ಕಷ್ಟವೆಂದರೆ, ಮಾನ್ಯರೇ, ತಾವೇ ಒಂದು ದಿನ ಮೊದಲೇ ತಿಳಿಸದೆ ಯಾವುದಾದರೂ ಲ್ಯಾಬಿಗೆ ಹೋಗಿ ಯುಟಿಎಂ ಚಾಲೂ ಮಾಡಿಸಿ. ಹೊದಿಕೆ ತೆಗೆಯುವಾಗ ಸ್ವಲ್ಪ ದೂರ ನಿಲ್ಲಿ, ಧೂಳಿರುತ್ತದೆ.

ಇಂತಿ,
ಒಬ್ಬ ಸಿವಿಲ್ ಲ್ಯಾಬ್ ಬೋಧಕ