"ಶಾಲೆ ರಿಪೇರಿ" ಎಂದಷ್ಟೇ ಬರೆಸಬೇಡಿ: ಗ್ರಾಮ ಸಭೆಗೆ ಮುನ್ನ ಪೋಷಕರಿಗೊಂದು ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಅಕ್ಟೋಬರ್ 2ರಿಂದ ಮುಂದಿನ ವರ್ಷದ ಪಂಚಾಯಿತಿ ಯೋಜನೆಯ ತಯಾರಿ ಶುರುವಾಗಿದೆ. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ. ನಮ್ಮ ಶಾಲೆಯ ಕೊಠಡಿಗಳು ಆ ಪಟ್ಟಿಗೆ ಸೇರಬೇಕಾದರೆ ಎರಡೂ ಕಡೆ ನೀವು ಕೂತಿರಬೇಕು, ಏನು ಕೇಳಬೇಕೆಂಬುದೂ ಗೊತ್ತಿರಬೇಕು. "ಶಾಲೆ ರಿಪೇರಿ ಮಾಡಿಸಿ" ಎಂದಷ್ಟೇ ನಡಾವಳಿಯಲ್ಲಿ (ಸಭೆಯ ದಾಖಲೆಯಲ್ಲಿ) ಬರೆಸಿದರೆ ಕೊನೆಗೆ ಸಿಗುವುದು ಹೆಚ್ಚಾಗಿ ಸುಣ್ಣ-ಬಣ್ಣ. ಅದು ಬೇಗ ಮುಗಿಯುತ್ತದೆ, ಕಣ್ಣಿಗೂ ಕಾಣುತ್ತದೆ. ಆದರೆ ಸೋರುವ ಚಾವಣಿಯ ಕೆಳಗಿನ ಗೋಡೆಗೆ ಹೊಡೆದ ಬಣ್ಣ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ.

4 ಮತ್ತು 5ನೇ ಕೊಠಡಿಗಳ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ಚಾವಣಿಯನ್ನು ಕಿಟಕಿಯಿಂದ ಒಮ್ಮೆ ಇಣುಕಿ ನೋಡಿ. ಮೂಲೆಯಲ್ಲಿ ಗಾರೆ ಉದುರಿ ಕಂಬಿ ಹೊರಗೆ ಬಂದಿದೆ, ಕಂಬಿಯುದ್ದಕ್ಕೂ ಕೆಂಪು ಕಲೆ. ಮೂಲ ಇರುವುದು ಮೇಲೆ. ಹೊಂಗೆ ಎಲೆ ತುಂಬಿ ತಾರಸಿಯ ನೀರು ಹೋಗುವ ಕೊಳವೆಗಳು ಕಟ್ಟಿಕೊಂಡಿವೆ, ನಿಂತ ನೀರು ಬಿರುಕಿನಲ್ಲಿ ಇಳಿದು ಕಂಬಿಗೆ ತುಕ್ಕು ಹಿಡಿಸಿದೆ. ತುಕ್ಕು ಹಿಡಿದ ಕಬ್ಬಿಣ ಎರಡು ಪಟ್ಟಿಗೂ ಹೆಚ್ಚು ಉಬ್ಬುತ್ತದೆ, ಕೆಳಗಿನ ಕಾಂಕ್ರೀಟನ್ನು ಚಕ್ಕೆಯಾಗಿ ಕಳಚಿ ಬೀಳಿಸುತ್ತದೆ. ಅದರ ಮೇಲೆ ಹೊಸ ಗಾರೆ ಮೆತ್ತಿದರೆ ಒಳಗಿನ ತುಕ್ಕು ನಿಲ್ಲುವುದಿಲ್ಲ. ಮುಂದಿನ ಸಲ ಇನ್ನೂ ದೊಡ್ಡ ಚಕ್ಕೆ ಬೀಳುತ್ತದೆ, ಅದೂ ಬೆಂಚಿನ ಮೇಲೆ. ಹಾಗಾಗಿಯೇ ಈ ಎರಡು ಕೊಠಡಿಗಳಿಗೆ ಬೀಗ ಹಾಕಿ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿದ್ದೇವೆ. ಇದು ನಿಮಗೆ ಬೇಸರ ತಂದಿದೆ ಎಂದು ಬಲ್ಲೆ. ಆದರೂ ಎಂಜಿನಿಯರ್ ನೋಡಿ ಬರೆದುಕೊಡುವವರೆಗೆ ಬೀಗ ತೆಗೆಯುವುದಿಲ್ಲ.

ಸರಿಯಾದ ಕೆಲಸ ಹೀಗಿರಬೇಕು: ಕೋಲಿನಿಂದ ತಟ್ಟಿ ಟೊಳ್ಳು ಸದ್ದು ಬರುವಷ್ಟೂ ಕಾಂಕ್ರೀಟ್ ಕೆತ್ತಿ ತೆಗೆಯಬೇಕು. ಕಂಬಿಯ ಹಿಂಬದಿಯೂ ಸೇರಿದಂತೆ ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ತುಕ್ಕು ನಿರೋಧಕ ಹಚ್ಚಿ, ಪಾಲಿಮರ್ ಗಾರೆಯಿಂದ ಮತ್ತೆ ಮುಚ್ಚಬೇಕು. ಕಂಬಿ ತೀರಾ ಸವೆದಿದ್ದರೆ ಹೊಸ ಕಂಬಿ ಜೋಡಿಸಬೇಕೋ, ಚಾವಣಿಯನ್ನೇ ಇಳಿಸಬೇಕೋ ಎಂಬುದನ್ನು ಎಂಜಿನಿಯರ್ ಹೇಳಬೇಕು, ಮೇಸ್ತ್ರಿ ಅಲ್ಲ. ತಾರಸಿಯ ಮೇಲೆ 100 ಅಡಿಗೆ 1 ಅಡಿ ಇಳಿಜಾರು ಬೇಕು, ಅಂದರೆ 20 ಅಡಿ ಕೊಠಡಿಗೆ ಸುಮಾರು ಎರಡೂವರೆ ಇಂಚು. ತಾರಸಿಯ ಸುತ್ತಲಿನ ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆಯನ್ನು ಗೋಲಾಗಿ ತುಂಬದಿದ್ದರೆ ನೀರು ಮೊದಲು ಇಳಿಯುವುದು ಅಲ್ಲಿಂದಲೇ. ಎಲ್ಲ ಮುಗಿದ ಮೇಲೆ ಕೊಳವೆ ಮುಚ್ಚಿ, ತಾರಸಿಯಲ್ಲಿ ಎರಡು ಇಂಚು ನೀರು ಕಟ್ಟಿ, 48 ಗಂಟೆ ಬಿಟ್ಟು ಕೆಳಗಿನಿಂದ ನೋಡಬೇಕು. ಈ ಪರೀಕ್ಷೆಯ ಮಾತು ಅಂದಾಜು ಪಟ್ಟಿಯಲ್ಲೇ ಇರಲಿ. ಬಣ್ಣ ಆಮೇಲೆ.

1 ಮತ್ತು 2ನೇ ಕೊಠಡಿಗಳದು ಮಂಗಳೂರು ಹೆಂಚು. ಒಡೆದ ಹೆಂಚು ಬದಲಿಸುವುದು ಸುಲಭ, ನೂರು ಚದರಡಿಗೆ ಸುಮಾರು 150 ಹಿಡಿಯುತ್ತವೆ. ಆದರೆ ಹೆಂಚು ಕೂರುವ ಮರದ ಪಟ್ಟಿಗಳಿಗೆ, ಅಂದರೆ ರೀಪುಗಳಿಗೆ ಗೆದ್ದಲು ಹಿಡಿದು ಸಾಲು ಕುಸಿದಿದೆ. ರೀಪು ಬದಲಿಸದೆ ಹೆಂಚಷ್ಟೇ ಹಾಕಿದರೆ ಅವು ಮತ್ತೆ ಜಾರುತ್ತವೆ.

ಶೌಚಾಲಯದ ಬಗ್ಗೆ ಅಮ್ಮಂದಿರು ಕೇಳುತ್ತಲೇ ಇದ್ದೀರಿ. ಪ್ರತಿ 40 ಮಕ್ಕಳಿಗೆ ಒಂದು ಶೌಚಾಲಯ, ಮೂರು ಮೂತ್ರಾಲಯ ಎಂಬುದು ಕೇಂದ್ರದ ಸ್ವಚ್ಛ ವಿದ್ಯಾಲಯ ಕಾರ್ಯಕ್ರಮದ ಮಾನದಂಡ. ನಮ್ಮಲ್ಲಿ ಕಟ್ಟಡ ಇದೆ, ನೀರಿಲ್ಲ. ಆದ್ದರಿಂದ "ಹೊಸ ಶೌಚಾಲಯ" ಕೇಳಬೇಡಿ. ಮೇಲೆ ಟ್ಯಾಂಕ್, ಅಲ್ಲಿಂದ ಒಳಗಿನ ನಲ್ಲಿವರೆಗೆ ಪೈಪು, ಬಾಗಿಲಿಗೆ ಒಳಚಿಲಕ ಎಂದು ಕೇಳಿ.

ಹಣ ಎಲ್ಲಿಂದ ಎಂದು ಸಭೆಯಲ್ಲಿ ಪ್ರಶ್ನೆ ಬಂದೇ ಬರುತ್ತದೆ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ. ಸಣ್ಣಪುಟ್ಟ ದುರಸ್ತಿ, ಕಲಿಕಾ ಸಾಮಗ್ರಿ, ಕರೆಂಟು, ನೀರು ಎಲ್ಲವೂ ಅದರಲ್ಲೇ. ಕನಿಷ್ಠ ಶೇ 10 ಸ್ವಚ್ಛತೆಗೆ. ಇದರಲ್ಲಿ ಚಾವಣಿ ಆಗುವುದಿಲ್ಲ. ನೀರು ಮತ್ತು ಶೌಚಾಲಯದ ಕೆಲಸವನ್ನು ಪಂಚಾಯಿತಿಗೆ ಬರುವ ಹಣಕಾಸು ಆಯೋಗದ ಅನುದಾನದಲ್ಲಿ ಕೇಳಬಹುದು, ಅದರ ಒಂದು ದೊಡ್ಡ ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಚಾವಣಿಯ ದೊಡ್ಡ ಕೆಲಸ ಮೇಲಿನ ಹಂತದಲ್ಲಿ ಮಂಜೂರಾಗಬೇಕು. ಗ್ರಾಮ ಸಭೆಯ ನಿರ್ಣಯ ಜೊತೆಗಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗುವ ನಮ್ಮ ಅರ್ಜಿಗೆ ಬಲ ಬರುತ್ತದೆ. ಹಾಗಾಗಿ ಚಾವಣಿ, ನೀರು ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಬೇಡಿ. ಸೇರಿಸಿದರೆ ಚಾವಣಿಯ ದೊಡ್ಡ ಮೊತ್ತದ ಜೊತೆಗೆ ನಲ್ಲಿಯೂ ವರ್ಷಗಟ್ಟಲೆ ಕಾಯುತ್ತದೆ. ಶಾಲೆ ಪಂಚಾಯಿತಿಗೆ ಸೇರಿದ್ದಲ್ಲ ಎಂದು ಯಾರಾದರೂ ಹೇಳಿದರೆ, ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಿದೆ, 17ನೆಯದೇ ಶಿಕ್ಷಣ ಎಂದು ವಿನಯದಿಂದಲೇ ಹೇಳಿ.

ಇನ್ನು ಸಭೆಯ ವಿಚಾರ. ಮತದಾರರ ಪಟ್ಟಿಯಲ್ಲಿ ಹೆಸರಿರುವವರೇ ಸಭೆಯ ಸದಸ್ಯರು. ಪಕ್ಕದ ಪಂಚಾಯಿತಿಯಿಂದ ಮಕ್ಕಳನ್ನು ಕಳಿಸುವವರು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಉಳಿದವರು ತಪ್ಪಿಸಲೇಬಾರದು. ಗ್ರಾಮ ಸಭೆಗೆ ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ, ಅಂದರೆ ಕನಿಷ್ಠ ಹಾಜರಿ ಬೇಕು. ಕೋರಂ ಇಲ್ಲದೆ ಸಭೆ ಮುಂದೆ ಹೋದರೆ ಬೇಸಿಗೆ ರಜೆಯಲ್ಲಿ ಆಗಬೇಕಾದ ನಮ್ಮ ಕೆಲಸವೂ ಮುಂದೆ ಹೋಗುತ್ತದೆ. ಒಂದು ದಿನದ ಕೂಲಿ ಬಿಟ್ಟು ಬರುವುದು ಕಷ್ಟ, ಗೊತ್ತಿದೆ, ಮನೆಗೊಬ್ಬರಾದರೂ ಬನ್ನಿ. ತಾಯಂದಿರು ಬಂದರೆ ಇನ್ನೂ ಒಳ್ಳೆಯದು, ಹೆಣ್ಣುಮಕ್ಕಳ ಶೌಚಾಲಯದ ಮಾತನ್ನು ಅವರಷ್ಟು ಸ್ಪಷ್ಟವಾಗಿ ಬೇರೆ ಯಾರೂ ಹೇಳಲಾರರು.

ಬೇಡಿಕೆ ಹೇಳಿದ ಮೇಲೆ ಎದ್ದು ಹೋಗಬೇಡಿ. ಕೊಠಡಿ ಸಂಖ್ಯೆ, ಕೆಲಸದ ಹೆಸರು, ಆದ್ಯತೆಯ ಕ್ರಮಾಂಕ ನಡಾವಳಿಯಲ್ಲಿ ಬಂದಿದೆಯೇ ಎಂದು ಓದಿಸಿ ಕೇಳಿ. "ಪರಿಶೀಲಿಸಲಾಗುವುದು" ಎಂದಿದ್ದರೆ ಅದು ನಿರ್ಣಯವಲ್ಲ. ಹೀಗೆ ಬರೆಸಿ: "4 ಮತ್ತು 5ನೇ ಕೊಠಡಿಗಳ ಚಾವಣಿ ದುರಸ್ತಿ ಮತ್ತು ನೀರು ಸೋರಿಕೆ ತಡೆ, ಎಂಜಿನಿಯರ್ ಪರಿಶೀಲನೆಯೊಂದಿಗೆ. 1 ಮತ್ತು 2ನೇ ಕೊಠಡಿಗಳ ರೀಪು, ಹೆಂಚು ಬದಲಾವಣೆ. ಶೌಚಾಲಯಕ್ಕೆ ನೀರಿನ ಸಂಪರ್ಕ." ಮೂರೂ ಬೇರೆ ಬೇರೆ ಸಾಲು. ನಿರ್ಣಯದ ಪ್ರತಿಯನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಪಡೆದುಕೊಳ್ಳುತ್ತಾರೆ.

ಈಗಲೇ ಅವಸರ ಏಕೆಂದರೆ, ಚಾವಣಿ ಕೆಲಸಕ್ಕೆ ಸಿಗುವುದು ಏಪ್ರಿಲ್, ಮೇ ರಜೆ ಮಾತ್ರ. ಜೂನ್‌ನಲ್ಲಿ ಕೆಲಸದ ಆದೇಶ ಬಂದರೆ ಒದ್ದೆ ತಾರಸಿಯ ಮೇಲೆ ಹಚ್ಚಿದ ಸೋರಿಕೆ ತಡೆಯುವ ಕೋಟಿಂಗ್ ಸಿಪ್ಪೆಯ ಹಾಗೆ ಏಳುತ್ತದೆ. ಹೊಸ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಬೇಕು. ರಜೆಯಲ್ಲಿ ಅದನ್ನು ನೋಡಿಕೊಳ್ಳಲು ಊರಲ್ಲೇ ಇರುವ ನಾಲ್ಕು ಪೋಷಕರು ಹೆಸರು ಕೊಡಿ.

ಕೊಠಡಿಗಳ ಫೋಟೊ, ಅಳತೆ, ಶಾಲಾಭಿವೃದ್ಧಿ ಯೋಜನೆಯ ಪ್ರತಿ ಕಚೇರಿಯಲ್ಲಿವೆ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಬಂದರೆ ಹೊರಗೆ ನಿಂತೇ ಎಲ್ಲವನ್ನೂ ತೋರಿಸುತ್ತೇವೆ. ಬರುವಾಗ ನಿಮ್ಮ ವಾರ್ಡ್ ಸಭೆಯ ದಿನಾಂಕ ತಿಳಿದುಕೊಂಡು ಬನ್ನಿ.

ಇಂತಿ,
ಮುಖ್ಯ ಶಿಕ್ಷಕರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ